ಒಂದೇ ರೇಟ್ ಕೊರಿಯರ್: ಹೋಲಿಸುವ ಮುಂಚೆ ಅಳತೆ ಟೇಪ್ ಹಿಡಿಯಿರಿ

ನೀವು ಮಾರುವ ಸಾಮಾನನ್ನು ‘ದೇಶದ ಯಾವ ಮೂಲೆಗಾದರೂ ಒಂದೇ ರೇಟ್’ಗೆ ಮುಟ್ಟಿಸುತ್ತೇವೆ ಅಂತ ಕೊರಿಯರ್‌ನವರು ಅಂದ ತಕ್ಷಣ ಒಪ್ಪಿಕೊಳ್ಳಬೇಡಿ. ಮೊದಲು ಕಳೆದ ತಿಂಗಳ ಆರ್ಡರ್‌ಗಳನ್ನು ತೆಗೆದು ಪಿನ್‌ಕೋಡ್ ನೋಡಿ. ಜಯನಗರದಿಂದ ಮಲ್ಲೇಶ್ವರ, ಯಲಹಂಕ, ಹೆಚ್ಚೆಂದರೆ ಮೈಸೂರು, ಇಷ್ಟೇ ಇದ್ದರೆ ಫ್ಲಾಟ್ ರೇಟ್ ನಿಮಗೆ ನಷ್ಟವೇ, ಯಾಕಂದ್ರೆ ಗುವಾಹಟಿಗೆ ಕಳಿಸುವವರ ಖರ್ಚನ್ನೂ ಸುಮ್ನೆ ನೀವು ಹೊರುತ್ತೀರಿ. ದೂರದ ಆರ್ಡರ್ ಜಾಸ್ತಿ ಇದ್ದರೆ ಲಾಭ.

ಆಮೇಲೆ ಡಬ್ಬ. ಎಲ್ಲರೂ ಎಡವುವುದು ಇಲ್ಲೇ. ಕೊರಿಯರ್‌ನವರು ತೂಕದ ಜೊತೆ ಡಬ್ಬದ ಅಳತೆಯನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದನ್ನು ಕೆಜಿ ಅಂತ ಹಿಡಿಯುತ್ತಾರೆ. ಅದು, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ನಾನು 700 ಗ್ರಾಂ ಚಟ್ನಿಪುಡಿಯನ್ನು 30×20×15ರ ಡಬ್ಬದಲ್ಲಿ ಕಳಿಸುತ್ತಿದ್ದೆ. ಲೆಕ್ಕಕ್ಕೆ ಬಂದದ್ದು 1.8 ಕೆಜಿ! ಅರ್ಧರ್ಧ ಕೆಜಿಯ ಸ್ಲ್ಯಾಬ್ (ಅಂದರೆ ತೂಕವನ್ನು ಮುಂದಿನ ಅರ್ಧ ಕೆಜಿಗೆ ಏರಿಸಿ ಬಿಲ್ ಹಾಕುವುದು) ಆದ್ದರಿಂದ 2 ಕೆಜಿ ದುಡ್ಡು ಕಟ್ಟಿದೆ, ಒಳಗಿದ್ದದ್ದು ಪುಡಿಗಿಂತ ಹಳೇ ಪೇಪರೇ ಜಾಸ್ತಿ. ಈಗ 20×15×10ರ ಡಬ್ಬ, 1 ಕೆಜಿ ಸ್ಲ್ಯಾಬ್‌ನಲ್ಲೇ ಮುಗಿಯುತ್ತದೆ. ‘ಫ್ಲಾಟ್’ ಅನ್ನುವುದು ಎಷ್ಟು ತೂಕದವರೆಗೆ ಅಂತ ಕೇಳಿ, ಅದನ್ನು ಬರೆಸಿಕೊಳ್ಳಿ.

ಹೇಳಿದ ರೇಟಿನ ಮೇಲೆ 18% ಜಿಎಸ್‌ಟಿ ಇದೆಯಾ, ಕ್ಯಾಶ್ ಆನ್ ಡೆಲಿವರಿಗೆ ಎಷ್ಟು, ಗಿರಾಕಿ ಪಾರ್ಸೆಲ್ ವಾಪಸ್ ಕಳಿಸಿದರೆ ಯಾರು ಕೊಡಬೇಕು, ಇಷ್ಟನ್ನೂ ಕೂಡಿಸಿ ನೋಡಿ. ಸ್ಪೀಡ್ ಪೋಸ್ಟ್ ರೇಟನ್ನೂ ಪಕ್ಕದಲ್ಲಿಡಿ. ಹಳ್ಳಿ ಪಿನ್‌ಕೋಡ್‌ಗೆ ಅಂಚೆಯವರಷ್ಟು ಮುಟ್ಟಿಸುವವರು ಕಡಿಮೆ, ಅಲ್ವಾ?

ಮೊದಲೇ ವ್ಯಾಲೆಟ್‌ಗೆ (ಕೊರಿಯರ್‌ನವರ ಬಳಿ ಮುಂಗಡ ದುಡ್ಡು ಇಡುವ ಖಾತೆಗೆ) ದೊಡ್ಡ ಮೊತ್ತ ತುಂಬಬೇಡಿ. ಹತ್ತು ಪಾರ್ಸೆಲ್ ಕಳಿಸಿ, ಬಿಲ್ ನೋಡಿ, ಆಮೇಲೆ ತುಂಬಿ.