ಕೀ ತಿರುಗಿಸಿದರೆ ಬರೀ 'ಟಕ್': ಹಳೆಯ ಮಸ್ಟಾಂಗ್ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

ಹಳೆಯ ಮಸ್ಟಾಂಗ್ ಸ್ಟಾರ್ಟ್ ಆಗದಿದ್ದರೆ ಹೆಚ್ಚಿನವರು ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಸ್ಟಾರ್ಟರ್ ಮೋಟಾರು, ಕೊನೆಗೆ ರಿಲೇ, ಅಂದರೆ ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚು. ಮೂರಕ್ಕೂ ದುಡ್ಡು ಸುರಿದ ಮೇಲೂ ಅದೇ 'ಟಕ್'. ಎಷ್ಟೋ ಸಲ ತೊಂದರೆ ಈ ಮೂರರಲ್ಲಿ ಇರುವುದೇ ಇಲ್ಲ, ಅವುಗಳ ನಡುವಿನ ಯಾವುದೋ ಜೋಡಣೆಯಲ್ಲಿ ಇರುತ್ತದೆ. ಇಲ್ಲಿ ಹೇಳುವುದು 1965ರಿಂದ 1970ರವರೆಗಿನ ಫೋರ್ಡ್ ಮಸ್ಟಾಂಗ್‌ಗೆ. ಎಂಜಿನ್ 289 (ಇವು ಕ್ಯೂಬಿಕ್ ಇಂಚಿನ ಅಳತೆಗಳು) ಇರಲಿ, 302 ಇರಲಿ, 428 ಕೋಬ್ರಾ ಜೆಟ್ಟೇ ಇರಲಿ. ಅದೇ ಕಾಲದ ಷೆವರ್ಲೆಗಳಲ್ಲಿ ಇದೇ ಸ್ವಿಚ್ಚಿನ ಕೆಲಸ ಮಾಡುವ ಸೊಲೆನಾಯ್ಡ್ ಸ್ಟಾರ್ಟರ್ ಮೇಲೆಯೇ ಕೂತಿರುತ್ತದೆ, ಡಾಡ್ಜ್-ಪ್ಲಿಮತ್‌ಗಳ ವೈರಿಂಗೇ ಬೇರೆ. ಅವಕ್ಕೆ ಇದನ್ನು ಹಾಗೇ ಹೊಂದಿಸಲು ಹೋಗಬೇಡಿ.

ಬೇಕಾಗುವುದು ಇಷ್ಟು: ಒಂದು ಡಿಜಿಟಲ್ ಮಲ್ಟಿಮೀಟರ್, ಎರಡು ಮೀಟರ್ ಜಂಪರ್ ವೈರು, ವೈರ್ ಬ್ರಷ್, ಕೀ ತಿರುಗಿಸಲು ಇನ್ನೊಬ್ಬರು. ಉಂಗುರ, ಗಡಿಯಾರ ಬಿಚ್ಚಿಡಿ.

1. ಬ್ಯಾಟರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಅರ್ಧಕ್ಕಿಂತ ಕಮ್ಮಿ ಇದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಯೂ ಬೇಡ.

2. ರಿಲೇ. ಬ್ಯಾಟರಿಯ ಪಕ್ಕದಲ್ಲೇ, ಫೆಂಡರಿನ ಒಳಗೋಡೆಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎರಡು ದೊಡ್ಡ ಸ್ಟಡ್ (ಕೇಬಲ್ ಬಿಗಿಯುವ ಬೋಲ್ಟಿನಂಥ ತುದಿ): ಒಂದಕ್ಕೆ ಬ್ಯಾಟರಿ ಕೇಬಲ್, ಇನ್ನೊಂದಕ್ಕೆ ಸ್ಟಾರ್ಟರ್ ಕೇಬಲ್. ನಡುವೆ ಎರಡು ಪುಟ್ಟ ಟರ್ಮಿನಲ್: 'ಎಸ್' ಕೀಯಿಂದ ಬರುವ ವೈರಿಗೆ, 'ಐ' ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರಿಗೆ.

ಹ್ಯಾಂಡ್‌ಬ್ರೇಕ್ ಎಳೆದು, ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿಟ್ಟು, ಕೀ ಆಫ್ ಮಾಡಿ. ಜಂಪರ್ ವೈರಿನಿಂದ ಬ್ಯಾಟರಿ ಕಡೆಯ ಸ್ಟಡ್ಡನ್ನು 'ಎಸ್'ಗೆ ಮುಟ್ಟಿಸಿ. ಎಂಜಿನ್ ಚೆನ್ನಾಗಿ ತಿರುಗಿದರೆ ತೊಂದರೆ ಕೀ ಸ್ವಿಚ್ಚಿನಲ್ಲಿ, 'ಎಸ್' ವೈರಿನಲ್ಲಿ, ಇಲ್ಲವೇ ಆಟೊಮ್ಯಾಟಿಕ್ ಗೇರಿನ ನ್ಯೂಟ್ರಲ್ ಸ್ವಿಚ್ಚಿನಲ್ಲಿ (ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಸ್ಟಾರ್ಟ್ ಆಗದಂತೆ ನೋಡಿಕೊಳ್ಳುವುದು ಇದೇ). ಗೇರ್ ಲಿವರನ್ನು ಅತ್ತಿತ್ತ ಅಲುಗಿಸುತ್ತ ಕೀ ತಿರುಗಿಸಿದಾಗ ಒಮ್ಮೆ ಹತ್ತಿಕೊಂಡರೆ ನ್ಯೂಟ್ರಲ್ ಸ್ವಿಚ್ಚೇ ಎಂದು ತಿಳಿಯಿರಿ. 'ಟಕ್' ಎಂದಷ್ಟೇ ಸದ್ದಾದರೆ ಮೂರನೇ ಹಂತಕ್ಕೆ ಹೋಗಿ.

ಸದ್ದೇ ಬರದಿದ್ದರೆ? ಈ ರಿಲೇಗೆ ಪ್ರತ್ಯೇಕ ಅರ್ಥ್ ವೈರು ಇಲ್ಲ, ಅದರ ಲೋಹದ ಬ್ರಾಕೆಟ್ಟೇ ಅರ್ಥ್. ಹೊಸದಾಗಿ ಪೇಂಟ್ ಮಾಡಿಸಿದ ಕಾರುಗಳು ಕೈಕೊಡುವುದು ಇಲ್ಲೇ. ಕನ್ನಡಿಯಂತೆ ಹೊಳೆಯುವ ಬಣ್ಣದ ಮೇಲೆ ರಿಲೇ ಕೂರಿಸಿರುತ್ತಾರೆ, ಕರೆಂಟಿಗೆ ದಾರಿಯೇ ಇರುವುದಿಲ್ಲ. ಬ್ರಾಕೆಟ್ಟಿನಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು ವೈರು ಹಿಡಿದು ಮತ್ತೆ ಪ್ರಯತ್ನಿಸಿ. ಕೆಲಸ ಮಾಡಿದರೆ ಬೋಲ್ಟಿನ ಕೆಳಗೆ ನಾಣ್ಯದಗಲ ಬಣ್ಣ ಕೆರೆದು ತೆಗೆಯಿರಿ.

ಸ್ಕ್ರೂಡ್ರೈವರಿನಿಂದ ಎರಡೂ ದೊಡ್ಡ ಸ್ಟಡ್‌ಗಳನ್ನು ಕೂಡಿಸುವ ಚಾಳಿ ಬಿಟ್ಟುಬಿಡಿ. ಸ್ಟಡ್ ಸುಟ್ಟು ಹೋಗುತ್ತದೆ, ಬ್ಯಾಟರಿಯ ಪಕ್ಕದಲ್ಲೇ ಕಿಡಿ ಹಾರುತ್ತದೆ.

ರಿಲೇ ಕೊಳ್ಳುವಾಗಲೂ ಎಚ್ಚರ. ಎರಡನೇ ಬ್ಯಾಟರಿ ಜೋಡಿಸಲು ಮಾರುವ ಕಂಟಿನ್ಯುಯಸ್ ಡ್ಯೂಟಿ ರಿಲೇ ನೋಡಲು ಥೇಟ್ ಹೀಗೇ ಇರುತ್ತದೆ. ಅದು ಸ್ಟಾರ್ಟರಿನ ಕರೆಂಟು ತಾಳುವುದಿಲ್ಲ, ಅದರಲ್ಲಿ 'ಐ' ಟರ್ಮಿನಲ್ಲೂ ಇರುವುದಿಲ್ಲ.

3. ವೋಲ್ಟೇಜ್ ಡ್ರಾಪ್, ಅಂದರೆ ಕೇಬಲ್ಲು-ಜೋಡಣೆಗಳಲ್ಲೇ ಖರ್ಚಾಗುವ ವೋಲ್ಟೇಜ್. ಜನ ಎಡವುವುದು ಈ ಹಂತದಲ್ಲಿ. ಕೇಬಲ್ಲನ್ನು ಓಮ್ ಮೀಟರಿನಲ್ಲಿ ನೋಡಿ 'ಸೊನ್ನೆ ತೋರಿಸಿತು, ಸರಿಯಿದೆ' ಎಂದುಬಿಡುತ್ತಾರೆ. ಎಂಟ್ಹತ್ತು ಎಳೆ ಮಾತ್ರ ಉಳಿದ ಕೇಬಲ್ಲೂ ಸೊನ್ನೆಯನ್ನೇ ತೋರಿಸುತ್ತದೆ. ವಿ-8 ಎಂಜಿನ್ನಿನ ಸ್ಟಾರ್ಟರ್ ಸುಮಾರು 200 ಆಂಪಿಯರ್ ಎಳೆಯುವಾಗ 0.01 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಖರ್ಚು. ಸಾಮಾನ್ಯ ಮೀಟರಿಗೆ ಆ 0.01 ಕಾಣುವುದೇ ಇಲ್ಲ. ಆದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಎಂಜಿನ್ ಹತ್ತಿಕೊಳ್ಳದಂತೆ ಕಾಯಿಲ್‌ನ ಪಾಸಿಟಿವ್ ವೈರು ಕಳಚಿ. ಮೀಟರು ಡಿಸಿ ವೋಲ್ಟ್‌ನಲ್ಲಿರಲಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕಪ್ಪು ಕಡ್ಡಿಯನ್ನು ಸ್ಟಾರ್ಟರಿನ ಸ್ಟಡ್ಡಿಗೆ. ಕೀ ತಿರುಗಿಸುವ ಮೊದಲು ಮೀಟರು 12 ವೋಲ್ಟ್ ತೋರಿಸುತ್ತದೆ. ಗಾಬರಿ ಬೇಡ, ರಿಲೇ ತೆರೆದಿರುವುದರಿಂದ ಹಾಗಾಗುತ್ತದೆ. ಎಂಜಿನ್ ತಿರುಗುತ್ತಿರುವಾಗ ಬರುವ ಅಂಕಿ ಮಾತ್ರ ಲೆಕ್ಕಕ್ಕೆ. ನಾಲ್ಕೈದು ಸೆಕೆಂಡ್ ತಿರುಗಿಸಿದರೆ ಅಂಕಿ ನಿಲ್ಲುತ್ತದೆ. ಆಮೇಲೆ ಸ್ಟಾರ್ಟರಿಗೆ ಒಂದು ನಿಮಿಷ ಬಿಡುವು ಕೊಡಿ.

0.5 ವೋಲ್ಟಿನೊಳಗೆ ಇದ್ದರೆ ಪಾಸಿಟಿವ್ ಕಡೆ ಸರಿ. ಮೀರಿದರೆ ತುಂಡು ತುಂಡಾಗಿ ಅಳೆಯಿರಿ: ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ರಿಲೇ ಸ್ಟಡ್ಡಿಗೆ, ರಿಲೇಯ ಒಂದು ಸ್ಟಡ್ಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಸ್ಟಾರ್ಟರಿಗೆ. ಯಾವ ತುಂಡಿನಲ್ಲೂ 0.2ಕ್ಕಿಂತ ಹೆಚ್ಚಿರಬಾರದು, ಕಂಬ-ಕ್ಲಾಂಪಿನ ನಡುವೆಯಂತೂ 0.1 ದಾಟಬಾರದು. ಹಳೆಯ ರಿಲೇಯೊಳಗಿನ ತಾಮ್ರದ ತಟ್ಟೆ ಸುಟ್ಟು ಕರಕಲಾಗಿದ್ದರೆ ರಿಲೇ ತುಂಡಿನಲ್ಲೇ ಒಂದೆರಡು ವೋಲ್ಟ್ ಹೋಗುತ್ತದೆ. ಬರೀ 'ಟಕ್' ಎನ್ನುವ ಕಾರಿನಲ್ಲಿ ಕೀ ಹಿಡಿದಿರುವಾಗ ಯಾವ ತುಂಡಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ವೋಲ್ಟೇಜ್ ಕಾಣುತ್ತದೋ ಅದೇ ಕಳ್ಳ.

ನೆಗೆಟಿವ್ ಕಡೆಯನ್ನು ಮರೆಯುವವರೇ ಹೆಚ್ಚು. ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೆ ಅಳೆಯಿರಿ, 0.2ರೊಳಗಿರಬೇಕು. ಎಂಜಿನ್ನಿನ ಹಿಂಬದಿಯಿಂದ ಫೈರ್‌ವಾಲ್‌ಗೆ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಹೋಗುವ ಹೆಣೆದ ಅರ್ಥ್ ಪಟ್ಟಿ ಇದೆಯೇ ನೋಡಿ. ಎಂಜಿನ್ ಇಳಿಸಿ ಏರಿಸಿದ ಕಾರುಗಳಲ್ಲಿ ಅದು ಹೆಚ್ಚಾಗಿ ನಾಪತ್ತೆ.

ಕೇಬಲ್ ಬದಲಿಸುವುದಾದರೆ 35 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದೇ ಹಾಕಿ. ದಪ್ಪ ರಬ್ಬರಿನೊಳಗೆ ತಾಮ್ರ ಬಳಿದ ಅಲ್ಯುಮಿನಿಯಂ ತುಂಬಿದ ಅಗ್ಗದ ಮಾಲು ಬರುತ್ತದೆ, ಎತ್ತಿ ನೋಡಿದರೆ ಹಗುರ. ಎರಡು ಸ್ಕ್ರೂ ಹಾಕಿ ಬಿಗಿಯುವ ರಿಪೇರಿ ಕ್ಲಾಂಪ್ ಕಂಡಲ್ಲಿ ಕಿತ್ತು ಬಿಸಾಡಿ. ಬಾಸ್ 429 ಮಸ್ಟಾಂಗ್‌ನಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುವುದರಿಂದ ಕೇಬಲ್ ಇನ್ನೂ ದಪ್ಪ ಬೇಕು.

ಎರಡೂ ಕಡೆ ಸರಿಯಿದ್ದು, ತಿರುಗುವಾಗ ಬ್ಯಾಟರಿ 9.6 ವೋಲ್ಟಿಗಿಂತ ಮೇಲೇ ನಿಂತರೂ ಎಂಜಿನ್ ನಿಧಾನವಾಗಿದ್ದರೆ ಆಗ ಸ್ಟಾರ್ಟರ್ ಬಿಚ್ಚಿ. ಅದಕ್ಕೂ ಮೊದಲಲ್ಲ.

4. ತಿರುಗುತ್ತದೆ, ಓಡುತ್ತ ಉಳಿಯುವುದಿಲ್ಲ. ಕೀ ಹಿಡಿದಿರುವಾಗ ಎಂಜಿನ್ ಹತ್ತಿಕೊಂಡು, ಬಿಟ್ಟ ಕೂಡಲೇ ಸತ್ತರೆ ಡ್ಯಾಶ್‌ಬೋರ್ಡಿನ ಹಿಂದಿನ ಗುಲಾಬಿ ಬಣ್ಣದ ರೆಸಿಸ್ಟೆನ್ಸ್ ವೈರನ್ನೋ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ತಗ್ಗಿಸುವ ವೈರು) ಅದರ ಕನೆಕ್ಟರನ್ನೋ ಅನುಮಾನಿಸಿ. ಉಲ್ಟಾ, ಕೀ ಬಿಡುವ ಕ್ಷಣದಲ್ಲಿ ಮಾತ್ರ ಹತ್ತಿಕೊಂಡರೆ ತೊಂದರೆ 'ಐ' ಟರ್ಮಿನಲ್ ಅಥವಾ ಅದರ ಕಂದು ವೈರಿನದು. ಕಾಯಿಲ್‌ನ ವೈರು ಮತ್ತೆ ಸಿಕ್ಕಿಸಿ, ಕೀ ಆನ್ ಇಟ್ಟು ಕಾಯಿಲ್ ಪಾಸಿಟಿವ್‌ನಲ್ಲಿ ಅಳೆದರೆ 5ರಿಂದ 8 ವೋಲ್ಟ್ ಬರಬೇಕು, ಆದರೆ ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು) ಮುಚ್ಚಿರುವಾಗ ಮಾತ್ರ. ತೆರೆದಿದ್ದರೆ 12 ತೋರಿಸುತ್ತದೆ, ಅದನ್ನು ನೋಡಿ ಸುಮ್ಮನೆ ವೈರಿಂಗ್ ಬಗೆಯುವವರಿದ್ದಾರೆ. ರೆಸಿಸ್ಟೆನ್ಸ್ ವೈರು ಕಿತ್ತು ಮಾಮೂಲಿ ವೈರು ಹಾಕುವ ಅಡ್ಡದಾರಿಯಲ್ಲಿ ಪಾಯಿಂಟ್ಸ್ ಬೇಗ ಸುಡುತ್ತವೆ.

5. ಬಿಸಿಯಾದಾಗ ಮಾತ್ರ ಹಟ. ಸ್ಟಾರ್ಟರ್ ಪಕ್ಕದಲ್ಲೇ ಎಕ್ಸಾಸ್ಟಿನ ಹೆಡರ್ ಪೈಪು ಹಾದುಹೋಗಿದ್ದರೆ ಶಾಖ ತಡೆಯುವ ಹೊದಿಕೆ ಹಾಕಿ. ಅದಕ್ಕೂ ಮುಂಚೆ, ಎಂಜಿನ್ ಬಿಸಿಯಿರುವಾಗಲೇ ಕಾಯಿಲ್ ವೈರು ಕಳಚಿ ತಿರುಗಿಸಿ ನೋಡಿ. ಈಗ ಸರಾಗವಾಗಿ ತಿರುಗಿ, ವೈರು ಸಿಕ್ಕಿಸಿದಾಗ ಒದ್ದಾಡಿದರೆ ಸ್ಟಾರ್ಟರಿನದು ತಪ್ಪಿಲ್ಲ, ಇಗ್ನಿಷನ್ ಟೈಮಿಂಗ್ ಅತಿಯಾಗಿ ಮುಂದಿದೆ, ಅಂದರೆ ಕಿಡಿ ತೀರಾ ಬೇಗ ಹಾರುತ್ತಿದೆ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ ಕಳಚಿ, ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ ಟೈಮಿಂಗ್ ಲೈಟ್ ಹಿಡಿದು ನಿಮ್ಮ ಎಂಜಿನ್ನಿನ ಷಾಪ್ ಮ್ಯಾನ್ಯುಯಲ್‌ನಲ್ಲಿರುವ ಡಿಗ್ರಿಗೆ ತನ್ನಿ.