ಮನೆ ತೋರಿಸುವ ಮುನ್ನ: ಮೊದಲು ನಲ್ಲಿ, ಆಮೇಲೆ ಹೂದಾನಿ

ಮನೆ ಕೊಳ್ಳಲು ಬಂದವರ ಕಣ್ಣು ಒಟ್ಟಿಗೇ ಎರಡು ಕೆಲಸ ಮಾಡುತ್ತಿರುತ್ತದೆ. ಈ ಕೋಣೆಯಲ್ಲಿ ನಮ್ಮ ಮಂಚ ಹಿಡಿಸೀತೇ, ಮಕ್ಕಳಿಗೆ ಓದಲು ಒಂದು ಮೂಲೆ ಸಿಕ್ಕೀತೇ ಎಂದು ಅಳೆಯುವುದು ಒಂದು. ಬೆಲೆ ಇಳಿಸಲು ಏನಾದರೂ ನೆಪ ಸಿಗುತ್ತದೆಯೇ ಎಂದು ಹುಡುಕುವುದು ಇನ್ನೊಂದು. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅವರ ಯೋಚನೆ ಅಲ್ಲಿಗೇ ನಿಲ್ಲುವುದಿಲ್ಲ. ಎದುರಿಗೆ ಕಾಣುವುದನ್ನೇ ಸರಿಮಾಡಿಸದವರು ಗೋಡೆಯೊಳಗಿನ ಪೈಪನ್ನು ಇನ್ನೆಂತು ಇಟ್ಟುಕೊಂಡಿದ್ದಾರೋ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಆದ್ದರಿಂದ ಮನೆಯನ್ನು ಸಜ್ಜುಗೊಳಿಸಲು ಹೊರಟವರು ಹೊಸ ಪರದೆ, ಹೂದಾನಿಯ ಅಂಗಡಿಗೆ ಮೊದಲು ಹೋಗಬಾರದು. ಅನುಮಾನ ಹುಟ್ಟಿಸುವ ಸಂಗತಿಗಳನ್ನು ಒಂದೊಂದಾಗಿ ಕಳೆಯುವುದರಲ್ಲೇ ಮುಕ್ಕಾಲು ಕೆಲಸ ಇದೆ.

ಪರರ ಮನೆ ಎಂಬಂತೆ ಒಂದು ಸುತ್ತು

ಕೈಯಲ್ಲೊಂದು ಪುಸ್ತಕ ಹಿಡಿದು ಗೇಟಿನಿಂದ ಶುರುಮಾಡಿ. ಬೀಗ ತೆರೆಯುವಾಗ ಅಲ್ಲಾಡಿಸಬೇಕೇ? ಬಾಗಿಲು ನೆಲಕ್ಕೆ ಉಜ್ಜುತ್ತದೆಯೇ? ಒಳಗೆ ಪ್ರತಿ ಸ್ವಿಚ್ ಒತ್ತಿ, ಪ್ರತಿ ಕಿಟಕಿ ತೆರೆದು ಮುಚ್ಚಿ, ಪ್ರತಿ ನಲ್ಲಿ ತಿರುಗಿಸಿ, ಫ್ಲಶ್ ಎಳೆದು ನೋಡಿ. ವರ್ಷಗಟ್ಟಲೆ ಇದ್ದ ಮನೆಯ ಕೊರತೆಗಳಿಗೆ ನಮ್ಮ ಕೈಕಾಲು ಒಗ್ಗಿಹೋಗಿರುತ್ತವೆ. ಯಾವ ಚಿಲಕವನ್ನು ಎತ್ತಿ ಎಳೆಯಬೇಕು ಎಂಬುದು ಯೋಚಿಸದೆಯೇ ನಡೆಯುತ್ತಿರುತ್ತದೆ. ಮುಖಕ್ಕೆ ಹೊಡೆದಂತೆ ಮಾತಾಡುವ ಒಬ್ಬ ಸ್ನೇಹಿತರನ್ನು ಜೊತೆಗೆ ಕರೆದುಕೊಂಡರೆ ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ, ಆಗಲಿ.

ಖಾಲಿ ಮಾಡಿ

ರಿಪೇರಿಗೂ ಮೊದಲು ಸಾಮಾನು ಇಳಿಸಿ. ಕೆಲಸದವರಿಗೆ ಜಾಗ ಬೇಕು, ಜೊತೆಗೆ ಬೀರುವಿನ ಹಿಂದಿನ ಗೋಡೆ ಹೇಗಿದೆ ಎಂಬುದು ನಿಮಗೂ ಆಗಲೇ ತಿಳಿಯುವುದು. ಹೇಗೂ ಮನೆ ಬಿಡುವವರು ನೀವು. ಮುಂದೆ ಕಟ್ಟಬೇಕಾದ ಗಂಟನ್ನು ಈಗಲೇ ಕಟ್ಟಿದಂತಾಯಿತು. ನಡೆಯುವ ದಾರಿಗೆ ಅಡ್ಡ ಬರುವುದು, ಕಿಟಕಿಯನ್ನು ಅರ್ಧ ಮುಚ್ಚುವುದು, 'ಇರಲಿ' ಎಂದು ಇಟ್ಟುಕೊಂಡಿದ್ದು ಇವೆಲ್ಲ ಮೊದಲು ಹೊರಡಲಿ. ಹೊರಟದ್ದನ್ನು ಕಪಾಟಿಗೆ ತುರುಕಬೇಡಿ. ಬಂದವರು ಕಪಾಟು ತೆರೆದೇ ತೆರೆಯುತ್ತಾರೆ, ತುಂಬಿ ತುಳುಕುವುದನ್ನು ಕಂಡರೆ ಈ ಮನೆಯಲ್ಲಿ ಸಾಮಾನಿಡಲು ಜಾಗವಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಮೂರನೇ ಒಂದು ಭಾಗವಾದರೂ ಬರಿದಾಗಿರಲಿ.

ಹಾಗೆಂದು ಕೋಣೆಯನ್ನು ಪೂರ್ತಿ ಬರಿದು ಮಾಡಿದರೆ ಅದರ ಅಳತೆ ಕಣ್ಣಿಗೆ ಸಿಗುವುದಿಲ್ಲ. ಮಲಗುವ ಕೋಣೆಯಲ್ಲಿ ಮಂಚ, ಹಾಲ್‌ನಲ್ಲಿ ಸೋಫಾ ಇದ್ದರೆ ಇಲ್ಲಿ ಏನು ಹಿಡಿಸುತ್ತದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಇಸ್ತ್ರಿ ಮೇಜು, ಸೈಕಲ್, ಹಳೇ ಪೇಪರ್ ಎಲ್ಲ ಸೇರಿ ಯಾವುದಕ್ಕೂ ಇಲ್ಲದಂತಾಗಿರುವ ಕೋಣೆಗೆ ಒಂದು ಮೇಜು, ಒಂದು ಕುರ್ಚಿ ಹಾಕಿದರೆ ಸಾಕು, ಅದು ಓದುವ ಕೋಣೆ.

ತೇವದ ಗೋಡೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ವ್ಯಾಪಾರ ಮುರಿದುಬೀಳುವುದು ಹೆಚ್ಚಾಗಿ ಈ ಗೋಡೆಯ ಮುಂದೆಯೇ.

ಬಣ್ಣ ಉಬ್ಬಿದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ ಎಂದರೆ ಆ ಗೋಡೆಯೊಳಗೆ ನೀರು ಹರಿದಾಡುತ್ತಿದೆ. ನೀರು ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಬಂದು ತಾನು ಆವಿಯಾಗುತ್ತದೆ, ಲವಣ ಗೋಡೆಯ ಮೇಲೆ ಉಳಿಯುತ್ತದೆ. ಅದರ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರೆ ಸ್ವಲ್ಪ ದಿನಕ್ಕೇ ಮತ್ತೆ ಗುಳ್ಳೆ ಏಳುತ್ತದೆ. ಉಳಿದೆಲ್ಲ ಗೋಡೆ ಹಳೆಯದಾಗಿದ್ದು ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರಂತೂ ನೋಡುವವರು ಬೆರಳಿಟ್ಟು ತೋರಿಸುವುದು ಅದನ್ನೇ.

ನೀರು ಎಲ್ಲಿಂದ ಎಂಬುದನ್ನು ಕಲೆಯ ಜಾಗವೇ ಅರ್ಧ ಹೇಳುತ್ತದೆ. ಗೋಡೆಯ ಬುಡದಲ್ಲಿದ್ದರೆ ನೆಲದಿಂದ ಏರುತ್ತಿರಬಹುದು ಅಥವಾ ಆಚೆ ಬದಿಯ ಬಚ್ಚಲಿನಿಂದ ಬರುತ್ತಿರಬಹುದು. ಸೂರಿನ ಅಂಚಿನಲ್ಲಿದ್ದರೆ ಚಾವಣಿ ಇಲ್ಲವೇ ಮೇಲಿನ ಮನೆಯ ಬಚ್ಚಲು. ಕಿಟಕಿಯ ಸುತ್ತ ಇದ್ದರೆ ಚೌಕಟ್ಟಿನ ಹೊರಸಂದು. ಮನೆಯೊಳಗಿನ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ಕೂರುತ್ತಿದೆಯೋ ಎಂಬ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ: ಅಂಗೈಗಿಂತ ದೊಡ್ಡದಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಬದಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಗಾಳಿಯಾಡದ್ದೇ ಕಾರಣ. ಅದಕ್ಕೆ ಕಿಟಕಿ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಸಾಕಾಗಬಹುದು.

ಮೂಲ ಸರಿಮಾಡಿದ ಮೇಲೆ ಸಡಿಲ ಗಾರೆ ಕೆರೆದು ಗೋಡೆ ಪೂರ್ತಿ ಒಣಗಲು ಬಿಡಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ, ಆತುರ ಮಾಡಿದರೆ ಖರ್ಚು ಎರಡು ಸಲ. ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಅಷ್ಟು ಸಮಯ ಇಲ್ಲ ಎಂದಾದರೆ ಮುಚ್ಚಿಡುವುದಕ್ಕಿಂತ ಕೆಲಸದವರಿಂದ ಅಂದಾಜು ಖರ್ಚು ಬರೆಸಿಟ್ಟುಕೊಂಡು ತೋರಿಸಿ. ಲೆಕ್ಕ ಎದುರಿಗಿಲ್ಲದಿದ್ದರೆ ಕೊಳ್ಳುವವರು ತಮ್ಮ ಭಯಕ್ಕೆ ತಕ್ಕಂತೆ ಬೆಲೆ ಕಟ್ಟುತ್ತಾರೆ, ಆ ಮೊತ್ತ ಯಾವತ್ತೂ ನಿಜದ ಖರ್ಚಿಗಿಂತ ದೊಡ್ಡದು.

ಬಿರುಕಿನ ವಿಷಯವೂ ಇಷ್ಟೇ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಪುಟ್ಟಿಯಲ್ಲಿ ಮುಗಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಾ ಹೋಗುವ ಬಿರುಕಾದರೆ ಎಂಜಿನಿಯರ್ ನೋಡಿ ಹೇಳಲಿ, ಅವರ ಮಾತು ಬರಹದಲ್ಲಿರಲಿ.

ಉಳಿದ ಚಿಲ್ಲರೆ ರಿಪೇರಿಗಳು ಒಂದೆರಡು ದಿನದ ಮಾತು: ನಲ್ಲಿಯ ವಾಷರ್, ಕಿರುಗುಟ್ಟುವ ಕೀಲಿಗೆ ಎಣ್ಣೆ, ಸಡಿಲ ಹಿಡಿ, ಒಡೆದ ಸ್ವಿಚ್. ಅಡುಗೆಮನೆ ಒಡೆದು ಹೊಸದಾಗಿ ಕಟ್ಟಿಸುವ ಯೋಚನೆ ಇದ್ದರೆ ಕೈಬಿಡಿ. ನಿಮ್ಮ ಆಯ್ಕೆಯ ಗ್ರಾನೈಟ್ ಬಂದವರಿಗೆ ಹಿಡಿಸಲೇಬೇಕೆಂದಿಲ್ಲ, ಹಾಕಿದ ದುಡ್ಡು ಅಷ್ಟೂ ವಾಪಸಾಗುವುದು ಅಪರೂಪ.

ತೊಳೆಯುವುದು ಮತ್ತು ಮೂಗು

ನಲ್ಲಿಯ ಮೇಲಿನ ಬಿಳಿ ಪೊರೆ ಗಡಸು ನೀರಿನ ಸುಣ್ಣ. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟು ಉಜ್ಜಿದರೆ ಬಿಡುತ್ತದೆ. ಅದೇ ವಿನಿಗರ್ ಮಾರ್ಬಲ್ ಮೇಲೆ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ, ಎಚ್ಚರ. ಟೈಲ್ಸ್ ಸಂದಿಗೆ ಆ್ಯಸಿಡ್ ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಕೊಳೆಯ ಜೊತೆ ಸಂದಿನ ಸಿಮೆಂಟೂ ಕರಗುತ್ತದೆ. ಬ್ರಷ್, ಸೋಪಿನ ನೀರು, ತಾಳ್ಮೆ ಇದ್ದರೆ ಅದೇ ಕೆಲಸ ಆಗುತ್ತದೆ. ಬ್ಲೀಚ್ ಮತ್ತು ಆ್ಯಸಿಡ್ ಎರಡನ್ನೂ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಗಾಜನ್ನು ಬಿಸಿಲು ಬೀಳದ ಹೊತ್ತಿನಲ್ಲಿ ಒರೆಸಿ. ಬಿಸಿಲಲ್ಲಿ ನೀರು ಬೇಗ ಒಣಗಿ ಗೆರೆ ಉಳಿಯುತ್ತದೆ.

ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಒಂದು ದಿನ ಹೊರಗಿದ್ದು ಬಂದು ಬಾಗಿಲು ತೆರೆದ ಮೊದಲ ಉಸಿರಿನಲ್ಲಿ ಗಮನಿಸಬೇಕು. ಹೆಚ್ಚು ಬಳಸದ ಬಚ್ಚಲು ನಾರುತ್ತಿದ್ದರೆ ಕಾರಣ ಸರಳ: ನೆಲದ ಜಾಲಿಯ ಕೆಳಗಿನ ಪೈಪಿನ ತಿರುವಿನಲ್ಲಿ ನಿಂತ ನೀರೇ ಚರಂಡಿ ಗಾಳಿಯನ್ನು ತಡೆಯುವುದು, ಅದು ಆರಿಹೋಗಿರುತ್ತದೆ. ಒಂದೆರಡು ಚೊಂಬು ನೀರು ಹಾಕಿ. ರೂಮ್ ಫ್ರೆಶ್ನರ್ ಸಿಂಪಡಿಸಿ ಘಮಘಮ ಮಾಡಿದರೆ ಏನನ್ನೋ ಮುಚ್ಚುತ್ತಿದ್ದಾರೆ ಅನ್ನಿಸುತ್ತದೆ. ಹೊಸ ಬಣ್ಣದ ವಾಸನೆಯೂ ಹಾಗೆಯೇ. ಜನ ಬರುವುದಕ್ಕೆ ಒಂದೆರಡು ವಾರ ಮೊದಲೇ ಬಣ್ಣದ ಕೆಲಸ ಮುಗಿದಿರಲಿ.

ಬೆಳಕು, ಫೋಟೊ

ಒಂದೇ ಕೋಣೆಯಲ್ಲಿ ಒಂದು ಬಲ್ಬು ಹಳದಿ, ಇನ್ನೊಂದು ನೀಲಿ ಛಾಯೆಯ ಬಿಳಿ ಇದ್ದರೆ ಹೊಸ ಗೋಡೆಯೂ ಮಾಸಿದಂತೆ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ: 2700ರಿಂದ 3000 ಬೆಚ್ಚನೆಯ ಹಳದಿ, 4000ದ ಸುಮಾರು ತಟಸ್ಥ ಬಿಳಿ, 6500 ನೀಲಿಯತ್ತ ವಾಲಿದ ಬಿಳಿ. ಹಾಲ್, ಮಲಗುವ ಕೋಣೆಗೆ ಮೊದಲನೆಯದು, ಅಡುಗೆಮನೆ, ಬಚ್ಚಲಿಗೆ ಎರಡನೆಯದು ಒಪ್ಪುತ್ತದೆ. ದಪ್ಪ ಪರದೆ ತೆಗೆದು ತೆಳುವಾದುದನ್ನು ಹಾಕಿ.

ಫೋಟೊ ಹಗಲಿನಲ್ಲೇ ತೆಗೆಯಬೇಕು. ಫೋನನ್ನು ಅಡ್ಡ ಹಿಡಿದು, ಎದೆಯ ಮಟ್ಟದಲ್ಲಿ, ಕೋಣೆಯ ಮೂಲೆಯಲ್ಲಿ ನಿಂತು ತೆಗೆದರೆ ಗೋಡೆಗಳು ವಾಲುವುದಿಲ್ಲ. ವೈಡ್ ಆಂಗಲ್ ಹಾಕಿ ಕೋಣೆಯನ್ನು ಮೈದಾನ ಮಾಡಿದರೆ ಫೋನ್ ಕರೆ ಹೆಚ್ಚು ಬರಬಹುದು. ಬಂದವರು ಬಾಗಿಲಲ್ಲೇ 'ಇಷ್ಟೇನಾ?' ಎನ್ನುತ್ತಾರೆ.

ಬರುವ ದಿನ

ಒಡವೆ, ಬ್ಯಾಂಕ್ ಕಾಗದ, ಔಷಧಿಗಳು ಬೀಗದೊಳಗೆ. ಕಿಟಕಿ ತೆರೆದು, ದೀಪ ಹಾಕಿ, ಕಸದ ಬುಟ್ಟಿ ಖಾಲಿ ಮಾಡಿ, ಸಾಕುಪ್ರಾಣಿ ಇದ್ದರೆ ಯಾರಾದರೂ ಹೊರಗೆ ಕರೆದೊಯ್ಯಲಿ. ಮನೆಯ ದಾಖಲೆಗಳ ಪ್ರತಿ, ಮಾಡಿಸಿದ ರಿಪೇರಿಗಳ ರಸೀದಿ ಒಂದೇ ಫೈಲಿನಲ್ಲಿರಲಿ.

ಮನೆ ತೋರಿಸುವಾಗ ಹಿಂದೆ ಹಿಂದೆಯೇ ಹೋಗಿ 'ಇದು ಅಡುಗೆಮನೆ' ಎಂದು ವಿವರಿಸಬೇಡಿ, ಅವರಿಗೂ ಕಣ್ಣಿದೆ. ಗಂಡ ಹೆಂಡತಿ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲು ಒಂದಿಷ್ಟು ಹೊತ್ತು ಬಿಡಬೇಕು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟರೆ ಸಾಕು. ಹೋದ ಮೇಲೆ ಅವರು ಕೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ. ಬೇರೆ ಬೇರೆ ದಿನ ಬಂದವರು ಒಂದೇ ಪ್ರಶ್ನೆ ಕೇಳಿದರೆ, ಉದಾಹರಣೆಗೆ ಹಿಂದಿನ ಕೋಣೆ ಯಾಕಿಷ್ಟು ಕತ್ತಲು ಎಂದು, ಮುಂದಿನವರು ಬರುವುದರೊಳಗೆ ಆ ಕೋಣೆಯ ಬಲ್ಬು ಬದಲಾಗಿರಬೇಕು.