ಹಳೆಯ ಕಡತಗಳನ್ನು ಓದಿಸಿ ಲಾ ಕ್ಲರ್ಕ್ ಮಾಡಿದ್ದು: ನನ್ನ ಅನುಭವ

ಸುಪ್ರೀಂ ಕೋರ್ಟಿನ ಲಾ ಕ್ಲರ್ಕ್ (ಕಡತ ಓದಿ, ಸಾರಾಂಶ ಬರೆದು ನ್ಯಾಯಮೂರ್ತಿಗಳಿಗೆ ನೆರವಾಗುವ ಕಾನೂನು ಪದವೀಧರ) ಹುದ್ದೆ ಹಾಸನದ ಕನ್ನಡ ಮಾಧ್ಯಮದ ಮಕ್ಕಳಿಗಲ್ಲ, ಸುಮ್ಮನೆ ಆಸೆ ಹುಟ್ಟಿಸಬೇಡಿ ಎಂದು ಹಿರಿಯ ವಕೀಲರು ನನಗೆ ಬುದ್ಧಿ ಹೇಳಿದ್ದರು. ಆಲೂರು ಕಡೆಯ ತೋಟದ ಕೂಲಿಯವರ ಮಗಳು ಈಗ ದೆಹಲಿಯಲ್ಲಿ ನ್ಯಾಯಮೂರ್ತಿಯೊಬ್ಬರ ಬಳಿ ಇದ್ದಾಳೆ. ಇನ್ನಿಬ್ಬರು ಹೈಕೋರ್ಟಿನಲ್ಲಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲೆರಡು ವರ್ಷ ದುಡ್ಡು ಹೋಯಿತು, ಫಲ ಬರಲಿಲ್ಲ. ತಲೆಗೆ ಹದಿನೆಂಟು ಸಾವಿರದಂತೆ ನಾಲ್ವರಿಗೆ ಬೆಂಗಳೂರಿನಲ್ಲಿ ಕೋಚಿಂಗ್ ಕೊಡಿಸಿದೆ. ಆಯ್ಕೆ ಪರೀಕ್ಷೆಯಲ್ಲಿ ಬಹು ಆಯ್ಕೆ ಪ್ರಶ್ನೆಗಳ ಮೊದಲ ಭಾಗ ದಾಟಿದವರೂ ಬರೆಯುವ ಎರಡನೇ ಭಾಗದಲ್ಲಿ ಮುಗ್ಗರಿಸಿದರು. ಇಂಗ್ಲಿಷ್ ಮೇಷ್ಟರನ್ನು ಗೊತ್ತು ಮಾಡಿದೆ. ವ್ಯಾಕರಣ ಸುಧಾರಿಸಿತು, ಅಂಕ ಸುಧಾರಿಸಲಿಲ್ಲ.

ಆಮೇಲೆ ಕಚೇರಿಯ ಅಟ್ಟದಿಂದ ಮುಗಿದ ಮೇಲ್ಮನವಿಗಳ ಕಡತಗಳನ್ನು ಇಳಿಸಿ, ಹೆಸರುಗಳಿಗೆ ಮಸಿ ಬಳಿದು, ಭಾನುವಾರಕ್ಕೆ ತಲಾ ಒಂದರಂತೆ ಕೊಟ್ಟೆ. ಮೊದಲು ದಿನಾಂಕಗಳ ಪಟ್ಟಿ, ನಂತರ ಒಂದೇ ಪುಟದ ಸಾರಾಂಶ. ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಇಂಗ್ಲಿಷಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಪಾಲಿನ ದಾವೆಯೊಂದರ ಕಡತ ಹಿಡಿದು ಆ ಹುಡುಗಿ, “ಸರ್, ಪಾರಿಕತ್ತಿಗಿಂತ ಮೊದಲೇ ಮ್ಯುಟೇಷನ್ ಆಗಿದೆಯಲ್ಲ?” ಎಂದಳು. ಅಂದರೆ ಪಾಲಿನ ಪತ್ರ ಆಗುವ ಮೊದಲೇ ಕಂದಾಯ ದಾಖಲೆಯಲ್ಲಿ ಹೆಸರು ಬದಲಾಗಿತ್ತು. ಎರಡು ಕೋರ್ಟುಗಳಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಹಣಿ ಹಿಡಿದು ತಾಲ್ಲೂಕು ಕಚೇರಿ ಅಲೆದ ಮನೆಯ ಮಕ್ಕಳಿಗೆ ಕಾಗದ ಓದುವ ಕಣ್ಣು ಇರುತ್ತದೆ; ಕೋಚಿಂಗ್‌ನವರಿಗೆ ಇದು ಗೊತ್ತಿಲ್ಲ. ಯಾವ ಕಡತದ ನಂತರ ಯಾವುದನ್ನು ಕೊಡುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ಸುಪ್ರೀಂ ಕೋರ್ಟ್ ತೀರ್ಪುಗಳ ಕನ್ನಡ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟು ಓದಿಸಿದೆ. ಅನುವಾದ ಅರ್ಥವಾಗಲು ಮೂಲವನ್ನೇ ಓದಬೇಕಾಯಿತು. ಹೇಗೋ, ಮೂಲ ಓದಿದರು!

ದೊಡ್ಡ ತೊಡಕು ಕಾಫಿ ಕೊಯ್ಲು. 2024 ಮತ್ತು 2025ರಲ್ಲಿ ಪರೀಕ್ಷೆ ನಡೆದದ್ದು ಮಾರ್ಚ್‌ನಲ್ಲಿ. ಡಿಸೆಂಬರ್, ಜನವರಿಯಲ್ಲಿ ಮಕ್ಕಳು ಹಣ್ಣು ಬಿಡಿಸಲು ತೋಟದಲ್ಲಿರುತ್ತಾರೆ. ಬೈದು ಪ್ರಯೋಜನವಿಲ್ಲ, ಮನೆ ನಡೆಯಬೇಕಲ್ಲ. ಆ ಕೂಲಿಯನ್ನು ನಾನೇ ಕೊಟ್ಟು ಕಡತ ಓದಿಸಿದೆ. ಹಂಗಾಮಿಗೆ ನಲವತ್ತು ಸಾವಿರದ ಆಸುಪಾಸು ಖರ್ಚಾಯಿತು, ಕೋಚಿಂಗ್‌ಗೆ ಸುರಿದದ್ದಕ್ಕಿಂತ ಎಷ್ಟೋ ಕಡಿಮೆ.

ಸಂದರ್ಶನಕ್ಕೆ ಹೇಗೆ ಸಜ್ಜುಗೊಳಿಸಿದೆ ಎಂಬುದನ್ನು ಬರೆಯುವುದಿಲ್ಲ, ಮುಂದಿನ ತಂಡಕ್ಕೆ ಬೇಕು.

ಒಂದನ್ನು ಮಾತ್ರ ಮುಂಚೆಯೇ ಲೆಕ್ಕ ಹಾಕಿಕೊಳ್ಳಿ. 2025ರ ಪ್ರಕಟಣೆಯಲ್ಲಿ ತಿಂಗಳಿಗೆ 80,000 ರೂಪಾಯಿ ಎಂದಿತ್ತು, ಆದರೆ ಮೊದಲ ಸಂಬಳ ಕೈಸೇರುವ ಮೊದಲೇ ದೆಹಲಿಯಲ್ಲಿ ಮುಂಗಡ, ಬಾಡಿಗೆ, ಊಟ ಎಲ್ಲ ಆಗಬೇಕು. ಆಲೂರು ಕಡೆಯ ಆ ಹುಡುಗಿಗೆ ಐವತ್ತು ಸಾವಿರದಷ್ಟು ಕೈಗಡ ಕೊಟ್ಟೆ. ನಾಲ್ಕು ತಿಂಗಳೊಳಗೆ ತೀರಿಸಿದಳು. ಆ ಹಣವನ್ನು ಅರಕಲಗೂಡಿನ ಹುಡುಗನೊಬ್ಬನಿಗೆಂದು ಬೇರೆ ಖಾತೆಯಲ್ಲಿಟ್ಟಿದ್ದೇನೆ; ಅವನು ಇನ್ನೂ ಅರ್ಜಿಯನ್ನೇ ಹಾಕಿಲ್ಲ.